ಸ್ಪಿಡ್‌ನಿಂದ ಝೂಮ್‌ವರೆಗೆ: ವಿಡಿಯೋ ಕರೆಯ ಜೋಡಣೆಯ ಚರಿತ್ರೆ

ಸಂಘದ ಹುಟ್ಟುಹಬ್ಬದ ಸ್ಮರಣ ಸಂಚಿಕೆಯಲ್ಲಿ ಯಂತ್ರವೊಂದರ ಸೆಟ್ಟಿಂಗ್ ಪುಟದ ಚರಿತ್ರೆಯೇ ಎಂದು ಓದುಗರು ಹುಬ್ಬೇರಿಸಬಹುದು. ಆದರೆ ಪರದೇಶದಲ್ಲಿ ಮನೆ ಮಾಡಿಕೊಂಡ ನಮ್ಮಂಥವರಿಗೆ ಊರಿನವರ ಮುಖ ನೋಡುವುದು ಸಣ್ಣ ವಿಷಯವಲ್ಲ. ಇಂದು ಮೈಸೂರಿನ ಅಜ್ಜಿ ನ್ಯೂಜೆರ್ಸಿಯ ಮೊಮ್ಮಗುವಿಗೆ ಒಂದು ಗುಂಡಿ ಒತ್ತಿದರೆ ಸಿಗುತ್ತಾರೆ. ಅವರು ಯಾವ ಸಂಖ್ಯೆಯನ್ನೂ ತುಂಬಬೇಕಾಗಿಲ್ಲ, ಯಾವ ತಂತಿಯ ಹೆಸರನ್ನೂ ತಿಳಿದಿರಬೇಕಾಗಿಲ್ಲ. ಈ ನಿಶ್ಚಿಂತೆ ತೀರಾ ಇತ್ತೀಚಿನದು. ಅದಕ್ಕಾಗಿ ನಾವು ಒಂದು ಬೆಲೆಯನ್ನೂ ತೆತ್ತಿದ್ದೇವೆ. ಹಳೆಯ ಯಂತ್ರಗಳ ಸೆಟ್ಟಿಂಗ್ ಪುಟವನ್ನು ಸಾಲುಸಾಲಾಗಿ ಓದಿದರೆ ಎರಡೂ ಅರ್ಥವಾಗುತ್ತವೆ.

1990ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದ ಕಚೇರಿಗಳ ಸಭಾಕೊಠಡಿಗಳಲ್ಲಿ ಟಿ.ವಿ.ಯ ತಲೆಯ ಮೇಲೆ ಒಂದು ವಿಡಿಯೋ ಕಾನ್ಫರೆನ್ಸ್ ಪೆಟ್ಟಿಗೆ ಕೂತಿರುತ್ತಿತ್ತು. ಪಾಲಿಕಾಂ ಕಂಪನಿ 1998ರಲ್ಲಿ ತಂದ ವ್ಯೂಸ್ಟೇಷನ್ ಇದರ ಹೆಸರಾಂತ ಮಾದರಿ. ಇಂಥ ಪೆಟ್ಟಿಗೆಗಳು ಮೊದಲ ಸಲ ಚಾಲೂ ಮಾಡಿದಾಗ ಪ್ರಶ್ನೆಗಳ ಮಳೆಯನ್ನೇ ಸುರಿಸುತ್ತಿದ್ದವು. ಯಾವ ದೇಶ? ಏರಿಯಾ ಕೋಡ್ ಎಷ್ಟು? ಐಎಸ್‌ಡಿಎನ್ ಲೈನುಗಳು ಎಷ್ಟು, ಅವುಗಳ ನಂಬರುಗಳೇನು? ಟೆಲಿಫೋನ್ ಕಂಪನಿಯ ಸ್ವಿಚ್ ಯಾವ ಬಗೆಯದು? ಸ್ಪಿಡ್ ಸಂಖ್ಯೆಗಳೇನು? ಐಪಿ ವಿಳಾಸ ತಾನಾಗಿ ಬರುತ್ತದೆಯೋ, ಕೈಯಿಂದ ಬರೆಯಬೇಕೋ? ಗೇಟ್‌ಕೀಪರ್ ಉಂಟೋ? ನಡುವೆ ನ್ಯಾಟ್ ಇದೆಯೋ? ಹೆಣ್ಣು ನೋಡಲು ಬಂದವರು ಗೋತ್ರ, ಸೂತ್ರ, ನಕ್ಷತ್ರ, ಪಾದ ಎಂದು ಒಂದೊಂದಾಗಿ ಕೇಳಿದ ಹಾಗೆ! ಒಂದು ಉತ್ತರ ತಪ್ಪಿದರೂ ಸಂಬಂಧ ಕೂಡಿಬರುತ್ತಿರಲಿಲ್ಲ. ಈ ಪ್ರಶ್ನೆಗಳಲ್ಲಿ ಒಂದೊಂದಕ್ಕೂ ಹಿಂದೆ ಒಂದು ಕಥೆಯಿದೆ.

ದೂರದವರ ಮುಖ ತೋರಿಸುವ ವಿದ್ಯೆ ಸಾಕಷ್ಟು ಹಳೆಯದು. 1927ರ ಏಪ್ರಿಲ್ 7ರಂದು ವಾಷಿಂಗ್ಟನ್‌ನಲ್ಲಿ ಕೂತ ಹರ್ಬರ್ಟ್ ಹೂವರ್ ಅವರ ಚಿತ್ರವನ್ನು ಬೆಲ್ ಪ್ರಯೋಗಶಾಲೆಯ ಹರ್ಬರ್ಟ್ ಐವ್ಸ್ ಮತ್ತು ಸಂಗಡಿಗರು ಟೆಲಿಫೋನ್ ತಂತಿಯ ಮೂಲಕ ನ್ಯೂಯಾರ್ಕಿನಲ್ಲಿ ತೋರಿಸಿದರು. ಆಗ ಹೂವರ್ ವಾಣಿಜ್ಯ ಮಂತ್ರಿ, ಅಧ್ಯಕ್ಷರಾದದ್ದು ಆಮೇಲೆ. ಮಾತು ಎರಡು ಕಡೆಗೂ ಹೋಯಿತು, ಚಿತ್ರ ಮಾತ್ರ ಒಂದೇ ಕಡೆಗೆ. 1930ರಲ್ಲಿ ಅದೇ ತಂಡ ನ್ಯೂಯಾರ್ಕ್ ನಗರದೊಳಗೇ ಎರಡು ಕಟ್ಟಡಗಳ ನಡುವೆ ಇಬ್ಬರೂ ಒಬ್ಬರನ್ನೊಬ್ಬರು ನೋಡುವಂತೆ ಮಾಡಿತು. ಆ ದಿನಗಳಲ್ಲಿ ಸೆಟ್ಟಿಂಗ್ ಪುಟ ಎಂಬುದು ಇರಲಿಲ್ಲ. ಇಂಜಿನಿಯರುಗಳ ದಂಡೇ ಸೆಟ್ಟಿಂಗ್ ಪುಟವಾಗಿತ್ತು.

ಜರ್ಮನಿಯ ಅಂಚೆ ಇಲಾಖೆ 1936ರ ಮಾರ್ಚ್ 1ರಂದು ಬರ್ಲಿನ್ ಮತ್ತು ಲೈಪ್ಜಿಗ್ ನಡುವೆ ಸಾರ್ವಜನಿಕ ವಿಡಿಯೋ ದೂರವಾಣಿ ಸೇವೆಯನ್ನೇ ಆರಂಭಿಸಿತು. ಮೂರು ನಿಮಿಷಕ್ಕೆ ಮೂರೂವರೆ ಮಾರ್ಕ್. ಇಬ್ಬರೂ ತಮ್ಮ ತಮ್ಮ ಊರಿನ ಅಂಚೆ ಕಚೇರಿಗೆ ಹೋಗಿ ಗೂಡಿನೊಳಗೆ ಕೂರಬೇಕು. ಇದಕ್ಕಾಗಿಯೇ ವಿಶೇಷ ಕೇಬಲ್ ಹಾಕಿದ್ದರು. ಯುದ್ಧ ಬಂತು, 1940ರಲ್ಲಿ ಸೇವೆ ನಿಂತಿತು.

ಇನ್ನು ಎಟಿ ಅಂಡ್ ಟಿ ಕಂಪನಿಯ ಪಿಕ್ಚರ್‌ಫೋನ್. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಜನ ಸಾಲುಗಟ್ಟಿ ನಿಂತು ಅದನ್ನು ನೋಡಿದರು. ಅದೇ ವರ್ಷ ನ್ಯೂಯಾರ್ಕ್, ವಾಷಿಂಗ್ಟನ್, ಷಿಕಾಗೋಗಳಲ್ಲಿ ಗೂಡುಗಳು ತೆರೆದವು. ಮೂರು ನಿಮಿಷಕ್ಕೆ 16ರಿಂದ 27 ಡಾಲರ್. 1970ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕಚೇರಿಗಳ ಮೇಜಿನ ಮೇಲೇ ಅದನ್ನು ಇಟ್ಟರು. ತಿಂಗಳಿಗೆ 160 ಡಾಲರ್ ಬಾಡಿಗೆ. ಅದು ಸೋತದ್ದಕ್ಕೆ ಕಾರಣವಾಗಿ 'ಜನರಿಗೆ ತಮ್ಮ ಮುಖ ತೋರಿಸಲು ಸಂಕೋಚವಿತ್ತು' ಎಂದು ಹೇಳುವುದುಂಟು. ಇರಬಹುದು. ಆದರೆ ನನಗೆ ತೋರುವಂತೆ ಲೆಕ್ಕವೇ ಕೂಡುವಂತಿರಲಿಲ್ಲ. ದೂರದೂರಿಗೆ ಹೋಗುವಾಗ ಒಂದು ಪಿಕ್ಚರ್‌ಫೋನ್ ಕರೆ 96 ಸಾಮಾನ್ಯ ದೂರವಾಣಿ ಕರೆಗಳ ಜಾಗವನ್ನು ತಾನೊಂದೇ ತಿನ್ನುತ್ತಿತ್ತು. ಒಬ್ಬ ಪ್ರಯಾಣಿಕನಿಗಾಗಿ ಎರಡು ಬಸ್ಸು ಓಡಿಸಿದರೆ ಟಿಕೆಟ್ಟಿನ ದರ ಎಷ್ಟಾದೀತು?

ಹೀಗಾಗಿ ಮೊದಲು ಚಿತ್ರ ಸಣ್ಣದಾಗಬೇಕಿತ್ತು. ಈ ಘಟ್ಟದಲ್ಲಿ ಕಥೆಯೊಳಗೆ ಬೆಂಗಳೂರು ಬರುತ್ತದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹಮದ್, ಇಂದು ಯುವಿಸಿಇ ಎಂದು ಹೆಸರಾಗಿರುವ ಕೆ.ಆರ್. ವೃತ್ತದ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಬಂದವರು. ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿದ್ದಾಗ 1972ರಲ್ಲಿ ಅವರು ಚಿತ್ರವನ್ನು ಕುಗ್ಗಿಸುವ ಹೊಸ ಗಣಿತಕ್ರಮವೊಂದಕ್ಕಾಗಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವು ಕೇಳಿದರು. ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತು ಎಂಬುದು ಪರಿಶೀಲಕರೊಬ್ಬರ ಆಕ್ಷೇಪಣೆಯಾಗಿತ್ತಂತೆ! ಅಹಮದ್ ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ ಕೂಡಿ 1974ರ ಜನವರಿಯಲ್ಲಿ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಎಂಬ ಪುಟ್ಟ ಪ್ರಬಂಧ ಪ್ರಕಟಿಸಿದರು.

ಗಣಿತಕ್ಕೆ ಹೆದರಬೇಕಾಗಿಲ್ಲ. ಎಂಟು ಸಾಲು, ಎಂಟು ಚುಕ್ಕಿಯ ರಂಗೋಲಿಯನ್ನು ನೆನೆಯಿರಿ. ಅರವತ್ತನಾಲ್ಕು ಚುಕ್ಕಿಗಳ ಬಣ್ಣವನ್ನು ಒಂದೊಂದಾಗಿ ಕಳಿಸುವ ಬದಲು, ಈ ತುಂಡಿನಲ್ಲಿ ನಯವೆಷ್ಟು, ಸುಕ್ಕೆಷ್ಟು, ಸಣ್ಣ ಸುಕ್ಕೆಷ್ಟು ಎಂದು ಅಳೆದು ಆ ಅಳತೆಗಳನ್ನು ಕಳಿಸುವುದು. ತೀರಾ ಸಣ್ಣ ಸುಕ್ಕುಗಳು ಕಣ್ಣಿಗೆ ಕಾಣುವುದೇ ಇಲ್ಲ. ಅವನ್ನು ಬಿಟ್ಟುಬಿಟ್ಟರೆ ನಷ್ಟವೇನೂ ತಿಳಿಯದು. ಮನೆಯಲ್ಲಿರುವ ಸಾಮಾನ್ಯ ಜೆಪೆಗ್ ಛಾಯಾಚಿತ್ರದಿಂದ ಹಿಡಿದು ವಿಡಿಯೋ ಕರೆಗೆ ವ್ಯಾಪಕವಾಗಿ ಬಳಕೆಗೆ ಬಂದ ಮೊದಲ ಜಾಗತಿಕ ಮಾನಕದವರೆಗೆ ಎಲ್ಲದರ ಹೊಟ್ಟೆಯಲ್ಲಿ ಇರುವುದು ಇದೇ ಉಪಾಯ.

ಆ ಮೊದಲ ಮಾನಕದ ಹೆಸರು ಎಚ್.261. 1988ರಲ್ಲಿ ಮೊದಲ ರೂಪ, 1990ರಲ್ಲಿ ಪೂರ್ಣರೂಪ ಪಡೆದ ಇದನ್ನು ರೂಪಿಸಿದ್ದು ಜಗತ್ತಿನ ಟೆಲಿಫೋನ್ ಆಡಳಿತಗಳ ಸಲಹಾ ಸಮಿತಿ. ಇದರ ಚಿತ್ರದ ಅಳತೆ 352ಕ್ಕೆ 288 ಚುಕ್ಕಿ. ಈ ವಿಚಿತ್ರ ಸಂಖ್ಯೆ ಒಂದು ರಾಜಿ ಪಂಚಾಯಿತಿಯ ಫಲ. ಯೂರೋಪಿನ ಟಿ.ವಿ.ಯಿಂದ ಸಾಲುಗಳ ಲೆಕ್ಕ, ಅಮೆರಿಕದ ಟಿ.ವಿ.ಯಿಂದ ಸೆಕೆಂಡಿಗೆ ಮೂವತ್ತು ಚಿತ್ರಗಳ ಲೆಕ್ಕ. ಇಬ್ಬರಿಗೂ ಅರ್ಧ ಗೆಲುವು, ಅರ್ಧ ತೊಂದರೆ. ಹಾಗೇ ಬಿಟ್ಟರೆ ಈ ಚಿತ್ರಕ್ಕೆ ಸೆಕೆಂಡಿಗೆ ಮೂರೂವರೆ ಕೋಟಿಗೂ ಹೆಚ್ಚು ಬಿಟ್ ಬೇಕು. ಅದನ್ನು ಒಂದು ಲಕ್ಷ ಇಪ್ಪತ್ತೆಂಟು ಸಾವಿರ ಬಿಟ್‌ಗಳೊಳಗೆ ತುರುಕಬಹುದು ಎಂದಾಯಿತು. ಮುಖ ಸ್ವಲ್ಪ ಕಲಸಿದಂತೆ, ಕೈಯಾಡಿಸಿದರೆ ಚೌಕಚೌಕವಾಗಿ ಕಾಣುತ್ತಿತ್ತು, ನಿಜ. ಆದರೂ ಮುಖ ಮುಖವೇ.

ಇದಕ್ಕೂ ಮುಂಚೆ ವಿಡಿಯೋ ಯಂತ್ರಗಳಿರಲಿಲ್ಲವೇ? ಇದ್ದವು. 1982ರಲ್ಲಿ ಕಂಪ್ರೆಷನ್ ಲ್ಯಾಬ್ಸ್ ಕಂಪನಿಯ ಯಂತ್ರದ ಬೆಲೆ ಸುಮಾರು ಎರಡೂವರೆ ಲಕ್ಷ ಡಾಲರ್. ಎಂಐಟಿಯ ವಿದ್ಯಾರ್ಥಿಗಳು ತಮ್ಮ ಪ್ರಾಧ್ಯಾಪಕರೊಡನೆ 1984ರಲ್ಲಿ ಕಟ್ಟಿದ ಪಿಕ್ಚರ್‌ಟೆಲ್ ಕಂಪನಿ ಎರಡು ವರ್ಷದ ನಂತರ ಎಂಬತ್ತು ಸಾವಿರಕ್ಕೆ ಇಳಿಸಿತು. ಬೆಲೆಗಿಂತ ದೊಡ್ಡ ತೊಡಕೆಂದರೆ ಒಬ್ಬರ ಯಂತ್ರ ಇನ್ನೊಬ್ಬರ ಯಂತ್ರದೊಡನೆ ಮಾತಾಡುತ್ತಿರಲಿಲ್ಲ. ಎಚ್.261 ಮತ್ತು ಅದನ್ನು ಒಳಗೊಂಡ ಎಚ್.320 ಎಂಬ 1990ರ ಒಪ್ಪಂದ ಬಂದ ಮೇಲೆ ಚಿತ್ರ ಬದಲಾಯಿತು. ಪ್ರತಿಸ್ಪರ್ಧಿ ಕಂಪನಿಗಳ ಯಂತ್ರಗಳೂ ನಂಬರು ಹಚ್ಚಿದರೆ ಪರಸ್ಪರ ಸಿಗತೊಡಗಿದವು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ಈಗ ಸೆಟ್ಟಿಂಗ್ ಪುಟದ ಮೊದಲ ಭಾಗ, ಐಎಸ್‌ಡಿಎನ್. ಇದು ಟೆಲಿಫೋನ್ ಕಂಪನಿಗಳೇ ಕೊಡುತ್ತಿದ್ದ ಅಂಕೀಯ ಲೈನು. ಒಂದು ಲೈನಿನಲ್ಲಿ 64 ಸಾವಿರ ಬಿಟ್‌ಗಳ ಎರಡು ದಾರಿ, ಜೊತೆಗೆ ಸೂಚನೆಗಳಿಗಾಗಿ 16 ಸಾವಿರದ ಒಂದು ಕಾಲುದಾರಿ. ಎರಡು ದಾರಿ ಸೇರಿಸಿದರೆ 128. ಸಭೆಗೆ ತಕ್ಕ ಚಿತ್ರ ಬೇಕೆಂದರೆ 384, ಅಂದರೆ ಮೂರು ಲೈನು, ಆರು ದಾರಿ, ಆರು ಕರೆ! ಆರು ಗಾಡಿಗಳಲ್ಲಿ ದಿಬ್ಬಣ ಹೊರಟಂತೆ ಆರು ಕರೆಗಳೂ ಬೇರೆ ಬೇರೆ ದಾರಿಯಲ್ಲಿ ಸಾಗಬಹುದು. ಮೊದಲು ತಲುಪಿದ ಗಾಡಿ ಕೊನೆಯದು ಬರುವವರೆಗೆ ಛತ್ರದ ಬಾಗಿಲಲ್ಲಿ ಕಾಯಬೇಕು. ಈ ಕಾಯಿಸುವ ಮತ್ತು ಜೋಡಿಸುವ ಕ್ರಮಕ್ಕೆ ಬಾಂಡಿಂಗ್ ಎಂದು ಹೆಸರು. ಒಂದು ಗಾಡಿ ಕೆಟ್ಟರೆ? ಚಿತ್ರ ಸೊರಗುತ್ತಿತ್ತು, ಅಥವಾ ಕರೆಯೇ ಬೀಳುತ್ತಿತ್ತು. ಬಿಲ್ಲು ಮಾತ್ರ ಆರು ಕರೆಗಳಿಗೂ ಬರುತ್ತಿತ್ತು.

ಯೂರೋಪಿನವರು ತಮ್ಮಲ್ಲೇ ಒಂದು ಬಗೆಯ ಐಎಸ್‌ಡಿಎನ್ ಎಂದು ಒಪ್ಪಿಕೊಂಡು ಸುಖವಾಗಿದ್ದರು. ಅಮೆರಿಕದಲ್ಲಿ ಹಾಗಲ್ಲ. ಎಟಿ ಅಂಡ್ ಟಿಯ ಸ್ವಿಚ್ ಒಂದು ಭಾಷೆ, ನಾರ್ದರ್ನ್ ಟೆಲಿಕಾಂ ಕಂಪನಿಯ ಸ್ವಿಚ್ ಇನ್ನೊಂದು ಭಾಷೆ. ಇವರನ್ನು ಒಂದು ಮಾಡಲು ಹೊರಟ ನ್ಯಾಷನಲ್ ಐಎಸ್‌ಡಿಎನ್ ಎಂಬ ಮಾನಕ ಮೂರನೆಯ ಭಾಷೆಯಾಯಿತು. ಇದರ ಮೇಲೆ ಸ್ಪಿಡ್. ಲೈನಿಗೆ ತಗುಲಿಸಿದ ಯಂತ್ರ ಯಾವುದು, ಅದಕ್ಕೆ ಯಾವ ಸೇವೆ ಸಲ್ಲಬೇಕು ಎಂದು ಸ್ವಿಚ್‌ಗೆ ತಿಳಿಸುವ ಗುರುತಿನ ಸಂಖ್ಯೆ ಅದು. ಸಾಮಾನ್ಯವಾಗಿ ಹತ್ತಂಕಿಯ ಫೋನ್ ನಂಬರಿನ ಹಿಂದೆಯೋ ಮುಂದೆಯೋ ಕೆಲವು ಅಂಕಿಗಳನ್ನು ಸೇರಿಸಿದ್ದು. ಎಷ್ಟು ಅಂಕಿ, ಎಲ್ಲಿ ಎಂಬುದು ಊರಿಂದ ಊರಿಗೆ ಬೇರೆ. ಹತ್ತಂಕಿಯ ಮುಂದೆ 0101 ಬರೆದರೆ ಸಾಕು ಎಂಬ ಒಡಂಬಡಿಕೆ ಬರುವ ಹೊತ್ತಿಗೆ ಬಹಳ ಜನರ ತಲೆಗೂದಲು ನೆರೆತಿತ್ತು. ಅಂಕಿ ಒಂದು ತಪ್ಪಿದರೆ ಲೈನು ಸತ್ತಂತೆ ಬಿದ್ದಿರುತ್ತಿತ್ತು. ಯಾಕೆಂದು ಪೆಟ್ಟಿಗೆಯೂ ಹೇಳದು, ಟೆಲಿಫೋನ್ ಕಂಪನಿಯ ಗುಮಾಸ್ತನೂ ಹೇಳನು. ಐಎಸ್‌ಡಿಎನ್ ಎಂದರೆ 'ಇಟ್ ಸ್ಟಿಲ್ ಡಸ್ ನಥಿಂಗ್' ಎಂದು ಇಂಜಿನಿಯರುಗಳು ತಮಾಷೆ ಮಾಡುತ್ತಿದ್ದದ್ದು ಸುಮ್ಮನೆ ಅಲ್ಲ.

ಇನ್ನೊಂದು ಸಾಲು, 56 ಅಥವಾ 64 ಎಂಬ ಆಯ್ಕೆ. ಅಮೆರಿಕದ ಹಳೆಯ ಟ್ರಂಕ್ ಲೈನುಗಳು ಮಾತಿನ ಎಂಟು ಬಿಟ್‌ಗಳಲ್ಲಿ ಒಂದನ್ನು ಆಗಾಗ ತಮ್ಮ ಸೂಚನೆಗಳಿಗಾಗಿ ಕದಿಯುತ್ತಿದ್ದವು. ಮಾತಿನಲ್ಲಿ ಈ ಕಳ್ಳತನ ಕೇಳಿಸದು, ಅಂಕಿಗಳಲ್ಲಿ ಮಾತ್ರ ಅನರ್ಥ. ಆದ್ದರಿಂದ ಆ ಎಂಟನೆಯ ಬಿಟ್ಟಿನ ಸಹವಾಸವೇ ಬೇಡವೆಂದು ಏಳನ್ನೇ ಬಳಸುವುದು. ಸೆಕೆಂಡಿಗೆ ಎಂಟು ಸಾವಿರ ಸಲ ಏಳು ಬಿಟ್, ಅಂದರೆ 56 ಸಾವಿರ. ಕಟ್ಟಡಕ್ಕೊಂದು ದೊಡ್ಡ ಲೈನು ತೆಗೆದುಕೊಂಡರೂ ದೇಶಭೇದ ತಪ್ಪಲಿಲ್ಲ. ಉತ್ತರ ಅಮೆರಿಕ ಮತ್ತು ಜಪಾನಿನಲ್ಲಿ ಅದರೊಳಗೆ 23 ದಾರಿ, ಯೂರೋಪು ಮತ್ತು ಭಾರತದಲ್ಲಿ 30.

ಈ ಕಷ್ಟ ಯಾರಿಗೆ ಬೇಕಿತ್ತು ಎನ್ನುವವರಿಗೆ ಎರಡು ಮೊಕದ್ದಮೆಗಳನ್ನು ನೆನಪಿಸುತ್ತೇನೆ. ನ್ಯೂಯಾರ್ಕಿನ ವೈದ್ಯರೊಬ್ಬರು ಮುಂಬಯಿಯ ಮೊಕದ್ದಮೆಯೊಂದರಲ್ಲಿ ಸಾಕ್ಷಿ ಹೇಳಲು ಸಿದ್ಧ, ಭಾರತಕ್ಕೆ ಬರಲು ಸಿದ್ಧರಿಲ್ಲ. ವಿಡಿಯೋ ಮೂಲಕ ಹೇಳಿದ ಸಾಕ್ಷ್ಯ ಆರೋಪಿಯ ಎದುರಿಗೆ ಹೇಳಿದಂತಾಗುತ್ತದೆಯೇ? ಆಗುತ್ತದೆ ಎಂದು 2003ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ವರ್ಷವೇ ವರದಿಯಾದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿಯ ಮೊಕದ್ದಮೆಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಅಮೆರಿಕದಲ್ಲಿರುವ ಸಾಕ್ಷಿಗಳನ್ನು ವಿಡಿಯೋದಲ್ಲಿ ವಿಚಾರಿಸಲು ಒಪ್ಪಿ, ಅದಕ್ಕೆ ನಿಯಮಗಳನ್ನೂ ಹಾಕಿಕೊಟ್ಟಿತು. ಅದರಲ್ಲೊಂದು ನಿಯಮ ಓದಿದರೆ ಹೊರನಾಡಿನವರಿಗೆ ನಗು ಬರುತ್ತದೆ. ವಿಚಾರಣೆ ಭಾರತದ ನ್ಯಾಯಾಲಯದ ಹೊತ್ತಿಗೇ ನಡೆಯಬೇಕು, ಹೊತ್ತಿನ ವ್ಯತ್ಯಾಸದ ನೆಪ ಹೇಳುವಂತಿಲ್ಲ! ಚಳಿಗಾಲದಲ್ಲಿ ಬೆಂಗಳೂರಿನ ಬೆಳಗಿನ ಹತ್ತೂವರೆ ಎಂದರೆ ನ್ಯೂಯಾರ್ಕಿನ ಸರಿರಾತ್ರಿ. ಊರಿಗೆ ಫೋನ್ ಮಾಡಲು ರಾತ್ರಿ ಕಾದವರಿಗೆ ಇದು ಹೊಸದಲ್ಲ, ಕೋರ್ಟೇ ಹಾಗೆಂದದ್ದು ಹೊಸದು.

ಸೆಟ್ಟಿಂಗ್ ಪುಟದ ಎರಡನೆಯ ಭಾಗ ಇಂಟರ್‌ನೆಟ್ಟಿನದು. 1992ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಸಿಯು-ಸೀಮಿ ಎಂಬ ತಂತ್ರಾಂಶ ಬಂತು. ಮ್ಯಾಕಿಂಟಾಷ್ ಗಣಕದಲ್ಲಿ ಪುಟ್ಟ ಕಪ್ಪುಬಿಳುಪು ಚಿತ್ರ, ಖರ್ಚಿಲ್ಲ. ಎದುರಿನವರ ಐಪಿ ವಿಳಾಸ ಗೊತ್ತಿದ್ದರೆ ಸಾಕು. ಆದರೆ ಊರಿನ ಕಡೆ ಏನಿತ್ತು? ಭಾರತದಲ್ಲಿ ವಿಎಸ್ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು, ಅದೂ ಒಂಬತ್ತು ಸಾವಿರದ ಆರುನೂರು ಬಿಟ್ ವೇಗದಲ್ಲಿ. ಇಂಟರ್‌ನೆಟ್ ಮೂಲಕ ಮಾತಾಡುವುದು ಅಲ್ಲಿ ಕಾನೂನುಬದ್ಧವಾದದ್ದೇ 2002ರ ಏಪ್ರಿಲ್ 1ರಿಂದ. ಅಲ್ಲಿಯವರೆಗೆ ತಂತ್ರಾಂಶ ನಮ್ಮಲ್ಲಿದ್ದರೂ ಅಪ್ಪ-ಅಮ್ಮನ ಮುಖ ಛಾಯಾಚಿತ್ರದಲ್ಲೇ.

1996ರಲ್ಲಿ ಎಚ್.323 ಎಂಬ ಮಾನಕ ಬಂದು ಕಚೇರಿಯ ಪೆಟ್ಟಿಗೆಗಳೂ ಇಂಟರ್‌ನೆಟ್ ದಾರಿ ಹಿಡಿದವು. ಆಗ ಪುಟದಲ್ಲಿ ಹೊಸ ಖಾಲಿ ಜಾಗಗಳು ಕಾಣಿಸಿಕೊಂಡವು. ಐಪಿ ವಿಳಾಸ, ಅದರ ಮುಸುಕು, ದಾರಿ ತೋರುವ ರೌಟರ್, ಇವೆಲ್ಲ ಯಾವ ಗಣಕಕ್ಕೂ ಬೇಕಾದವೇ. ಗೇಟ್‌ಕೀಪರ್ ಮಾತ್ರ ಇಲ್ಲಿಯ ವಿಶೇಷ. ನಮ್ಮ ತಾಲ್ಲೂಕು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ 'ಡಾಕ್ಟರ ಮನೆಗೆ ಕೊಡಿ' ಎಂದರೆ ಕೊಡುತ್ತಿದ್ದ ಆಪರೇಟರನ್ನು ನೆನೆಯಿರಿ. ಗೇಟ್‌ಕೀಪರ್ ಅದೇ. ಪ್ರತಿ ಪೆಟ್ಟಿಗೆಯೂ ಅದರ ಬಳಿ ಹೆಸರು ಮತ್ತು ಚಿಕ್ಕ ನಂಬರು ಬರೆಸಿ ನೋಂದಾಯಿಸಿಕೊಳ್ಳುತ್ತದೆ. ಆಮೇಲೆ ಉದ್ದದ ವಿಳಾಸ ಯಾರಿಗೂ ಬೇಡ.

ನಿಜವಾದ ತಲೆನೋವು ನ್ಯಾಟ್. ಐಪಿ ವಿಳಾಸಗಳು ಮುಗಿದುಹೋಗುತ್ತವೆ ಎಂಬ ಭಯದಿಂದ 1994ರಲ್ಲಿ ಹುಟ್ಟಿದ ಈ ಉಪಾಯವನ್ನು ಬೆಂಗಳೂರಿನ ವಠಾರಕ್ಕೆ ಹೋಲಿಸಬಹುದು. ಬೀದಿಗೆ ಒಂದೇ ಡೋರ್ ನಂಬರು, ಒಳಗೆ ಹತ್ತು ಮನೆ. ಒಳಗಿನವರು ಕಾಗದ ಬರೆದರೆ ಬಾಗಿಲಲ್ಲಿರುವವನು ಲಕೋಟೆಯ ಮೇಲೆ ವಠಾರದ ವಿಳಾಸ ಹಾಕಿ ಕಳಿಸುತ್ತಾನೆ, ಉತ್ತರ ಬಂದರೆ ಸರಿಯಾದ ಮನೆಗೆ ಮುಟ್ಟಿಸುತ್ತಾನೆ. ಸಾಮಾನ್ಯ ಕಾಗದಕ್ಕೆ ಇಷ್ಟು ಸಾಕು. ಆದರೆ ಎಚ್.323ರಲ್ಲಿ ವಿಳಾಸ ಕಾಗದದ ಒಳಗೂ ಇರುತ್ತದೆ: 'ನನ್ನ ಚಿತ್ರ-ಧ್ವನಿ ಏಳನೇ ಮನೆಗೆ ಕಳಿಸಿ.' ಯಾವ ವಠಾರದ ಏಳನೇ ಮನೆ? ದೂರದವನಿಗೆ ತಿಳಿಯದು. ಅವನು ಕಳಿಸಿದ ಚಿತ್ರ ದಾರಿಯಲ್ಲೇ ಕಳೆದುಹೋಗುತ್ತದೆ. ನಾವು ಅವರಿಗೆ ಕಾಣುತ್ತೇವೆ, ಅವರು ನಮಗೆ ಕಾಣುವುದಿಲ್ಲ. ಆ ವರ್ಷಗಳಲ್ಲಿ 'ಹಲೋ, ನಾನು ಕಾಣ್ತಿದ್ದೀನಾ?' ಎಂದು ಕೂಗಿದವರಲ್ಲಿ ಎಷ್ಟೋ ಜನರ ಕಷ್ಟದ ಮೂಲ ಇದೇ. ಅದಕ್ಕೇ ಪುಟದಲ್ಲಿ 'ಹೊರಗಿನ ವಿಳಾಸ' ಎಂಬ ಸಾಲು ಬಂತು. ಪಾಲಿಕಾಂ ಪೆಟ್ಟಿಗೆಗಳಲ್ಲಿ 3230ರಿಂದ ಶುರುವಾಗುವ ಕೆಲವೇ ಪೋರ್ಟುಗಳನ್ನು ಬಳಸು ಎಂಬ ಆಯ್ಕೆಯೂ ಬಂತು. ಕಾವಲುಗಾರನಿಗೆ, ಅಂದರೆ ಫೈರ್‌ವಾಲ್‌ಗೆ, ಅಷ್ಟೇ ಬಾಗಿಲು ತೆರೆಯಲು ಹೇಳಿದರಾಯಿತು. ಅವನು ಒಪ್ಪಬೇಕಷ್ಟೆ. ಎಷ್ಟೋ ಕಚೇರಿಗಳಲ್ಲಿ ಯಂತ್ರಕ್ಕಿಂತ ಅವನನ್ನು ಒಪ್ಪಿಸುವುದೇ ಹೆಚ್ಚಿನ ಕೆಲಸವಾಗಿತ್ತು.

ಇದಕ್ಕೆ ಪರಿಹಾರ ಎರಡು ದಿಕ್ಕಿನಿಂದ ಬಂತು. ಮಾನಕ ಸಮಿತಿಗಳು ನಿಧಾನವಾಗಿ, ಸಭೆ ಸೇರಿ ಸೇರಿ, ವಠಾರದೊಳಗಿನವನೇ ತನ್ನ ಹೊರವಿಳಾಸ ಕಂಡುಕೊಳ್ಳುವ ಸ್ಟನ್ ಎಂಬ ವಿಧಾನವನ್ನು 2003ರಲ್ಲಿ, ಎಲ್ಲ ದಾರಿಗಳನ್ನೂ ಪರೀಕ್ಷಿಸಿ ಒಳ್ಳೆಯದನ್ನು ಆರಿಸುವ ಐಸ್ ಎಂಬ ಕ್ರಮವನ್ನು 2010ರಲ್ಲಿ ಪ್ರಕಟಿಸಿದವು. ಅಷ್ಟರಲ್ಲಿ 2003ರ ಆಗಸ್ಟಿನಲ್ಲಿ ಸ್ಕೈಪ್ ಬಂದಾಗಿತ್ತು, 2006ರಲ್ಲಿ ಅದಕ್ಕೆ ವಿಡಿಯೋ ಸೇರಿತು. ಸ್ಕೈಪ್ ಯಾರನ್ನೂ ಏನನ್ನೂ ಕೇಳಲಿಲ್ಲ. ನ್ಯಾಟ್ ಅಡ್ಡ ಬಂದರೆ ಬೇರೆ ಬಳಕೆದಾರರ ಗಣಕಗಳ ಮೂಲಕ ನುಸುಳಿ ದಾರಿ ಮಾಡಿಕೊಂಡಿತು. ಸೆಟ್ಟಿಂಗ್ ಪುಟ ಮಾಯವಾಯಿತು. ಊರಿನಲ್ಲಿ ಬ್ರಾಡ್‌ಬ್ಯಾಂಡ್ ಇದ್ದ ಮನೆಗಳಲ್ಲಿ ಅಪ್ಪ-ಅಮ್ಮ ಭಾನುವಾರ ಗಣಕದ ಮುಂದೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿ ಕೂರತೊಡಗಿದರು.

ಬೆಲೆಯ ಮಾತು ಈಗ. ಸ್ಕೈಪಿನವರು ಸ್ಕೈಪಿನವರೊಡನೆ ಮಾತ್ರ ವಿಡಿಯೋದಲ್ಲಿ ಮಾತಾಡಬಹುದಿತ್ತು. 1980ರ ದಶಕದ ಆ ಹಳೆಯ ಬೇಲಿ ಮತ್ತೆ ಎದ್ದಿತು. 2010ರಲ್ಲಿ ಫೇಸ್‌ಟೈಮ್ ತೋರಿಸುತ್ತಾ ಸ್ಟೀವ್ ಜಾಬ್ಸ್ ಅದನ್ನು ಎಲ್ಲರಿಗೂ ತೆರೆದ ಮಾನಕ ಮಾಡುವುದಾಗಿ ವೇದಿಕೆಯಲ್ಲೇ ಹೇಳಿದರು. ಅದು ಆಗಲೇ ಇಲ್ಲ. 2011ರಲ್ಲಿ ಗೂಗಲ್ ತೆರೆದಿಟ್ಟ ವೆಬ್‌ಆರ್‌ಟಿಸಿ ಬ್ರೌಸರಿನೊಳಗೇ ವಿಡಿಯೋ ತಂದಿತು, ಸ್ಟನ್ ಮತ್ತು ಐಸ್ ಅದರ ಒಳಗೇ ಅಡಗಿವೆ. ಆದರೆ ಎದುರಿನವರನ್ನು ಹುಡುಕಿ ಕರೆಯುವುದು ಹೇಗೆ ಎಂಬುದನ್ನು ಅದು ಆಯಾ ಸೇವೆಯವರಿಗೇ ಬಿಟ್ಟಿತು. ಬೇಲಿ ಉಳಿಯಿತು. ಸ್ಪಿಡ್ ತುಂಬುತ್ತಿದ್ದ ಕಾಲ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ, ಆ ಪಾಡು ಶತ್ರುವಿಗೂ ಬೇಡ. ಆದರೆ ಆ ಪುಟವನ್ನು ಒಮ್ಮೆ ಸರಿಯಾಗಿ ತುಂಬಿದ ಮೇಲೆ ಯಾವ ಕಂಪನಿಯ ಪೆಟ್ಟಿಗೆಯಿಂದ ಯಾವ ಕಂಪನಿಯ ಪೆಟ್ಟಿಗೆಗೂ ಕರೆ ಹೋಗುತ್ತಿತ್ತು ಎಂಬುದನ್ನು ಮರೆಯಬಾರದು. ಇಂದು ನಮ್ಮ ಫೋನಿನಲ್ಲಿ ಚಿಕ್ಕಪ್ಪನಿಗೊಂದು, ಮಕ್ಕಳ ಶಾಲೆಗೊಂದು, ಕಚೇರಿಗೊಂದು ಆ್ಯಪ್ ಇವೆ.

2019ರ ಡಿಸೆಂಬರಿನಲ್ಲಿ ಝೂಮ್ ಸಭೆಗಳಿಗೆ ದಿನಕ್ಕೆ ಒಂದು ಕೋಟಿ ಜನ ಸೇರುತ್ತಿದ್ದರು. 2020ರ ಏಪ್ರಿಲ್ ಹೊತ್ತಿಗೆ ಮೂವತ್ತು ಕೋಟಿ. ಯುಗಾದಿ, ರಾಜ್ಯೋತ್ಸವಗಳೂ ಅದರಲ್ಲೇ ನಡೆದದ್ದು ನಮಗೆ ಗೊತ್ತೇ ಇದೆ. ಮಾಯವಾದ ಸೆಟ್ಟಿಂಗ್‌ಗಳು ಆಗ ಬೇರೆ ವೇಷದಲ್ಲಿ ಮರಳಿದವು. ತಂತಿ ಯಾವುದು ಎಂಬ ಪ್ರಶ್ನೆ ಹೋಗಿ, ಒಳಗೆ ಬರುವವರು ಯಾರು ಎಂಬ ಪ್ರಶ್ನೆ ಬಂತು: ಪಾಸ್‌ಕೋಡ್, ಕಾಯುವ ಕೋಣೆ, ಪರದೆ ಹಂಚಿಕೊಳ್ಳುವ ಅನುಮತಿ. 2023ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ವಿಡಿಯೋ ಕಲಾಪಕ್ಕೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ಹಾಕಿದ್ದರಿಂದ ನ್ಯಾಯಾಲಯ ಆ ಸೌಲಭ್ಯವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಇಪ್ಪತ್ತು ವರ್ಷಗಳ ಹಿಂದೆ ವಿಡಿಯೋ ಸಾಕ್ಷ್ಯಕ್ಕೆ ನಿಯಮ ಬರೆದ ಅದೇ ನ್ಯಾಯಾಲಯ.

ಹಳೆಯ ಹೆಸರುಗಳು ಒಂದೊಂದಾಗಿ ಸರಿಯುತ್ತಿವೆ. ಪಿಕ್ಚರ್‌ಟೆಲ್ 2001ರಲ್ಲಿ ಪಾಲಿಕಾಂ ಪಾಲಾಯಿತು, ಪಾಲಿಕಾಂ ಕೈ ಬದಲಿಸುತ್ತಾ 2022ರಲ್ಲಿ ಎಚ್‌ಪಿ ಮಡಿಲಿಗೆ ಬಿತ್ತು. ಜಪಾನಿನಲ್ಲಿ ಐಎಸ್‌ಡಿಎನ್ ಅಂಕೀಯ ಕರೆಗಳು 2024ರ ಜನವರಿಯಿಂದ ನಿಲ್ಲತೊಡಗಿದವು. ಸ್ಕೈಪ್ 2025ರ ಮೇ 5ರಂದು ಬಾಗಿಲು ಹಾಕಿತು. ಎಚ್.323 ಯಂತ್ರದಿಂದ ಝೂಮ್ ಸಭೆಗೆ ಇಂದೂ ಸೇರಬಹುದು, ಆದರೆ ಅದಕ್ಕೆ ಝೂಮ್ ಬೇರೆಯೇ ಶುಲ್ಕ ಕೇಳುತ್ತದೆ.

ಬೇಲಿ ಕೀಳುವ ಒಂದು ಯತ್ನ ಯೂರೋಪಿನಲ್ಲಿ ನಡೆದಿದೆ. ಅಲ್ಲಿನ ಒಕ್ಕೂಟ 2022ರಲ್ಲಿ ಮಾಡಿದ ಡಿಜಿಟಲ್ ಮಾರುಕಟ್ಟೆ ಕಾಯಿದೆಯ ಪ್ರಕಾರ ವಾಟ್ಸ್ಆ್ಯಪ್‌ನಂಥ ದೊಡ್ಡ ಸೇವೆಗಳು, ಬೇರೆ ಸೇವೆಯವರು ಕೇಳಿದರೆ ತಮ್ಮ ಬಾಗಿಲು ತೆರೆಯಬೇಕು. ಮೊದಲು ಬರಹದ ಸಂದೇಶ, ಆಮೇಲೆ ಗುಂಪು, ವಿಡಿಯೋ ಕರೆಗೆ ಕೊಟ್ಟಿರುವ ಗಡುವು 2027ರ ಸೆಪ್ಟೆಂಬರ್. ಇಂಥ ಕಂಪನಿಗಳಿಗೆ ಆ ಕಾಯಿದೆ ಇಟ್ಟಿರುವ ಹೆಸರು, ನಮ್ಮ ಹಳೆಯ ಪೆಟ್ಟಿಗೆಯ ಪುಟದಲ್ಲಿದ್ದದ್ದೇ: ಗೇಟ್‌ಕೀಪರ್.